ಫ್ರುಂಜೆ ಮನೆಯ ರೈಟರು

ಎಲ್ಲ ರಗಳೆಗೂ ಮೂಲ ಒಂದು ಖಾಲಿ ಗೆರೆ. ಆ ಗೆರೆ ಇದ್ದದ್ದು ಕುಶಾಲಪ್ಪ ಮಾಸ್ಟ್ರ ರಿಜಿಸ್ಟರಿನಲ್ಲಿ. ಮಾಸ್ಟ್ರು ನಿವೃತ್ತಿಯಾದ ಮೇಲೆ ಆರು ವರ್ಷದಿಂದ ಕೊಡಗಿನ ಅರೆಭಾಷೆ ಗೌಡರ ಮನೆ ಹೆಸರುಗಳನ್ನೆಲ್ಲ ಒಂದು ಹಾಸಿಗೆಯಷ್ಟು ದಪ್ಪದ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಯಾವ ಮನೆ, ಯಾವ ಬಳಿ ಅಂದರೆ ಗೋತ್ರ, ಹಿರಿಯರ ಮೂಲ ಮನೆಯಾದ ಐನ್‌ಮನೆ ಎಲ್ಲಿ, ಮೂಲಪುರುಷ ಯಾರು, ಎಲ್ಲ ಅದರಲ್ಲಿತ್ತು. 'ಫ' ಅಕ್ಷರದ ಪುಟದಲ್ಲಿ ಮಾತ್ರ ಒಂದೇ ಒಂದು ಮನೆ. ಫ್ರುಂಜೆ. ಅದರ ಎದುರಿಗೆ ಏನೂ ಇಲ್ಲ.

ಆ ಗುರುವಾರ ಬೆಳಿಗ್ಗೆ ಎಂಟಕ್ಕೆ ಮಾಸ್ಟ್ರು ಆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಫ್ರುಂಜೆ ದೇರಪ್ಪನ ಜಗಲಿ ಹತ್ತಿದರು. ದೇರಪ್ಪ ಸಂಪಾಜೆ ರಸ್ತೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರು. ಆಳುಗಳ ಹಾಜರಿ ಬರೆಯುವ ಕೆಲಸ. ಅವತ್ತು ರಜೆ ಹಾಕಿದ್ದ. ಮಗಳು ಚೈತನ್ಯಳನ್ನು ನೋಡಲು ಮಧ್ಯಾಹ್ನ ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ಅಕ್ಷಿತ್ ದನದ ಡಾಕ್ಟರು. ಚೈತನ್ಯಳಿಗೂ ಅವನಿಗೂ ಎರಡು ವರ್ಷದಿಂದ ಪರಿಚಯ ಅನ್ನುವುದು ಊರಿಗೆಲ್ಲ ಗೊತ್ತಿದ್ದು, ಮನೆಯವರಿಗೆ ಮಾತ್ರ ಗೊತ್ತಿಲ್ಲದ ಹಾಗೆ ಎಲ್ಲರೂ ನಡೆದುಕೊಳ್ಳುತ್ತಿದ್ದರು.

"ದೇರಪ್ಪ, ಹುಡುಗನ ತಾತ ಪೂವಯ್ಯ ಸುಬೇದಾರ್ರು ನಿನ್ನೆ ಫೋನ್ ಮಾಡಿದ್ರು," ಅಂದರು ಮಾಸ್ಟ್ರು. "ಫ್ರುಂಜೆ ಮನೆ ಅಂದ್ರೆ ಎಲ್ಲಿಯದು, ಒಂದು ನಾಲ್ಕು ಮಾತು ಹೇಳಿ ಮಾಸ್ಟ್ರೇ ಅಂದ್ರು. ನಾನು ಪುಸ್ತಕ ತೆಗೀತೇನೆ, ಖಾಲಿ. ಆರು ವರ್ಷದಲ್ಲಿ ನಂಗೆ ಇಷ್ಟು ನಾಚಿಕೆ ಆದದ್ದಿಲ್ಲ ಮಾರಾಯ."

ದೇರಪ್ಪ ನಾಚಿಕೊಳ್ಳಲು ಶುರುಮಾಡಿ ಐವತ್ತೆರಡು ವರ್ಷವಾಗಿತ್ತು.

ವಿಷಯ ಇಷ್ಟೇ. ದೇರಪ್ಪನ ಅಪ್ಪ ಜೋಯಪ್ಪ ಎಸ್ಟೇಟಿನ ಲಾರಿ ಡ್ರೈವರು, ಜೊತೆಗೆ ಕಾರ್ಮಿಕ ಸಂಘದ ಕಾರ್ಯದರ್ಶಿ. ಅವನಿಗೆ ರಷ್ಯಾದಿಂದ ನುಣುಪು ಕಾಗದದ ಪತ್ರಿಕೆ ಬರುತ್ತಿತ್ತು. ಉಳಿದವರು ಅದನ್ನು ಮಕ್ಕಳ ಪುಸ್ತಕಕ್ಕೆ ಬೈಂಡು ಹಾಕಲು ಕೇಳಿ ಒಯ್ಯುತ್ತಿದ್ದರೆ ಜೋಯಪ್ಪ ಓದುತ್ತಿದ್ದ. ಅದರಲ್ಲಿ ಫ್ರುಂಜೆ ಎಂಬ ದಂಡನಾಯಕನ ಚಿತ್ರ ಬಂದಿತ್ತು. ಕ್ರಾಂತಿಯ ಕಾಲದಲ್ಲಿ ಕೆಂಪು ಸೇನೆ ನಡೆಸಿದವನು, ದಪ್ಪ ಮೀಸೆ, ಕಣ್ಣಿನಲ್ಲಿ ಕೆಂಡ. ಅದೇ ತಿಂಗಳು ಮಗ ಹುಟ್ಟಿದ. ಮೊದಲ ಮೊಮ್ಮಗನಿಗೆ ತನ್ನ ಹೆಸರೇ ಇಡಬೇಕೆಂದು ದೇರಪ್ಪಜ್ಜ ಪಟ್ಟು ಹಿಡಿದ, ಫ್ರುಂಜೆಯೇ ಆಗಬೇಕೆಂದು ಜೋಯಪ್ಪ ಹಿಡಿದ. ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ಟ್ರು ಜಗಳ ಬಿಡಿಸಿ ಎರಡನ್ನೂ ಸೇರಿಸಿ 'ಫ್ರುಂಜೆ ದೇರಪ್ಪ' ಎಂದು ಬರೆದರು.

ಕೊಡಗಿನಲ್ಲಿ ಹೆಸರಿಗಿಂತ ಮೊದಲು ಏನಿದೆಯೋ ಅದು ಮನೆ ಹೆಸರು. ಅಲ್ಲಿ ನೀವು ಬಿಸ್ಕತ್ತು ಅಂತ ಬರೆದರೂ, ಓದಿದವರು "ಬಿಸ್ಕತ್ತು ಮನೆಯವರಾ, ಯಾವ ಕಡೆ ಆಯ್ತು?" ಅಂತ ವಿಚಾರಿಸುತ್ತಾರೆ. ಹಾಗೆ ಅವತ್ತಿನಿಂದ ದೇರಪ್ಪ ಫ್ರುಂಜೆ ಮನೆಯವನಾದ. ನಿಜವಾದ ಮನೆ ಹೆಸರು ನೆಲ್ಲಿಮಜಲು ಯಾವ ಕಾಗದದಲ್ಲೂ ಬರಲಿಲ್ಲ. ಮನೆ, ಬಳಿ ಎಲ್ಲ ಪಾಳೇಗಾರರ ಕಾಲದ್ದು ಎಂದು ಜೋಯಪ್ಪ ಆ ಸುದ್ದಿಯನ್ನೇ ಮನೆಯೊಳಗೆ ಬಿಡಲಿಲ್ಲ.

ದೇರಪ್ಪ ಸುಳ್ಳು ಹೇಳುವ ಜನ ಅಲ್ಲ. ಆದರೆ ತಲೆ ಆಡಿಸುವ ಜನ. ಇಪ್ಪತ್ತೇಳು ವರ್ಷದ ಹಿಂದೆ ಗಂಗಮ್ಮನನ್ನು ನೋಡಲು ಹೋದಾಗ ಮಾವ ಆಗುವವರು, "ಫ್ರುಂಜೆ... ಘಟ್ಟದ ಕೆಳಗಿನ ಹಳೇ ಮನೆ ಇರಬೇಕು, ಅಲ್ವಾ?" ಅಂದರು. ರಷ್ಯಾದವನ ಹೆಸರು ಅಂದರೆ ಹುಡುಗಿ ಬಾಗಿಲ ಸಂದಿಯಿಂದ ನಕ್ಕಾಳು ಅನಿಸಿ ದೇರಪ್ಪ ತಲೆ ಆಡಿಸಿದ. "ಹಳೇ ಕಾಲದಲ್ಲಿ ಯಾರೋ ದಂಡನಾಯಕರಿದ್ರಂತೆ, ಆ ಮನೆಯಾ?" ದಂಡನಾಯಕ ಅನ್ನುವುದು ನಿಜವೇ ಆದ್ದರಿಂದ ಇನ್ನೂ ಸ್ವಲ್ಪ ಗಟ್ಟಿಯಾಗಿ ಆಡಿಸಿದ. "ಬಂಗಾರು ಬಳಿ ಇರಬೇಕು." ಅದಕ್ಕೂ ಆಡಿಸಿದ. ಒಂದೇ ಬಳಿಯವರೆಂದರೆ ಅಣ್ಣ ತಂಗಿಯ ಲೆಕ್ಕ, ಮದುವೆಯಿಲ್ಲ. ಬೇರೆ ಬಳಿ ಅಂತ ಗೊತ್ತಾದ ಕೂಡಲೇ ಕಾಫಿ ಬಂತು, ಮದುವೆ ಆಯಿತು. ಅಂದಿನಿಂದ ಗಂಗಮ್ಮ ಬೀದಿಯಲ್ಲಿ ನಡೆಯುವುದೇ ದಂಡನಾಯಕನ ಸೊಸೆಯ ಹಾಗೆ.

"ಹೇಳು, ಐನ್‌ಮನೆ ಎಲ್ಲಿ?" ಮಾಸ್ಟ್ರು ಪೆನ್ನಿನ ಟೊಪ್ಪಿ ತೆಗೆದರು.

"ಅದು... ಬಿದ್ದು ಹೋಗಿದೆ ಮಾಸ್ಟ್ರೇ."

"ಬಿದ್ದರೂ ಕಲ್ಲು ಇರ್ತದಲ್ಲ. ಒಂದು ಫೋಟೋ ಸಾಕು. ಹೊರಡು, ಸ್ಕೂಟರ್ ತಂದಿದ್ದೇನೆ."

ಅಡುಗೆಮನೆಯಿಂದ ಗಂಗಮ್ಮ ಕೂಗಿದಳು. "ಹೋಗಿ ಬನ್ನಿ ನೀವು. ನಂಗೂ ತೋರಿಸ್ಲಿಲ್ಲ ಇಪ್ಪತ್ತೇಳು ವರ್ಷದಲ್ಲಿ. ಮಾಸ್ಟ್ರಿಗಾದ್ರೂ ತೋರಿಸಿ."

ಸ್ಕೂಟರ್ ಇಳಿಜಾರಿನಲ್ಲಿ ಹೊರಟಿತು. ಹಿಂದೆ ಕೂತ ದೇರಪ್ಪನ ಕಣ್ಣು ಎರಡೂ ಬದಿಯಲ್ಲಿ ಏನಾದರೂ ಬಿದ್ದ ಗೋಡೆ ಇದೆಯಾ ಎಂದು ಹುಡುಕುತ್ತಿತ್ತು. ದಿನಾ ಕಾಣುವುದು ನೂರು ಪಾಳು ಗೋಡೆ. ಬೇಕಾದ ದಿನ ಎಲ್ಲದಕ್ಕೂ ಬಣ್ಣ ಬಳಿದು ಹೋಮ್‌ಸ್ಟೇ ಬೋರ್ಡು ಹಾಕಿದ್ದಾರೆ. ಮೂರನೇ ತಿರುವಿನಲ್ಲಿ ಬೆಳ್ಳಮ್ಮನ ತೋಟದ ಅಂಚಿಗೆ ಪಾಚಿ ಹಿಡಿದ ನಾಲ್ಕು ಮುರಕಲ್ಲಿನ ಗೋಡೆ ಕಂಡಿತು. ಮೇಲೆ ಮಾಡು ಇಲ್ಲ. ನಡುವೆ ಕಾಡುಬಾಳೆ.

ಮಾಸ್ಟ್ರೇ ಬ್ರೇಕ್ ಹಾಕಿದರು. "ಇದಾ?"

ದೇರಪ್ಪ ತಲೆ ಆಡಿಸಿದ.

ಮಾಸ್ಟ್ರು ಚಪ್ಪಲಿ ಬಿಟ್ಟರು, ದೇರಪ್ಪನ ಕೈಯಿಂದಲೂ ಬಿಡಿಸಿದರು. ಚೀಲದಿಂದ ಊದುಕಡ್ಡಿ, ತೆಂಗಿನಕಾಯಿ ಬಂದವು. ಶಾಲೆಯ ಮಕ್ಕಳಿಗೆ ಪ್ರಾರ್ಥನೆ ಹೇಳಿಸುವ ಧ್ವನಿಯಲ್ಲಿ, "ಕಾರಣರೇ, ಹಿರಿಯರೇ, ದಂಡನಾಯಕರೇ, ನಿಮ್ಮ ಕುಡಿ ಬಂದಿದ್ದಾನೆ," ಅಂದರು. ಒಳಗೆ ಒಂದು ಉದ್ದನೆಯ ಕಲ್ಲಿನ ತೊಟ್ಟಿ ಇತ್ತು. "ಅದರ ಮುಂದೆ ಬಗ್ಗು, ಫೋಟೋ ತೆಗೀತೇನೆ." ದೇರಪ್ಪ ಬಗ್ಗಿದ. ಬಗ್ಗಿದ ಮೇಲೆ ಏಳಲು ಮನಸ್ಸು ಬರಲಿಲ್ಲ. ಮುಖ ಮುಚ್ಚಿಕೊಳ್ಳಲು ಅದೇ ಅನುಕೂಲವಾಗಿತ್ತು.

"ರೈಟರೇ, ನನ್ನ ಹಂದಿಗೂಡಿಗೆ ಯಾಕೆ ಅಡ್ಡ ಬೀಳ್ತಿದ್ದೀರಿ?"

ಬೆಳ್ಳಮ್ಮ ಕತ್ತಿ ಹಿಡಿದು ಬೇಲಿಯ ಆಚೆ ನಿಂತಿದ್ದಳು. ಗಂಡ ಸತ್ತ ಮೇಲೆ ಹನ್ನೆರಡು ಸೆಂಟು ಜಾಗದಲ್ಲಿ ಒಬ್ಬಳೇ ಇರುವ ಹೆಂಗಸು. ಬಾಯಿ ಮಾತ್ರ ಹತ್ತು ಏಕರೆಯದು.

"ಹಂದಿಗೂಡಲ್ಲ, ಇದು ಫ್ರುಂಜೆಯವರ ಐನ್‌ಮನೆ," ಅಂದರು ಮಾಸ್ಟ್ರು.

"ನನ್ನ ಮಾವ ಕಟ್ಟಿಸಿದ್ದು. ನಾನು ಮದುವೆಯಾಗಿ ಬಂದಾಗ ಒಳಗೆ ಏಳು ಹಂದಿ ಇತ್ತು. ಹೆಸರು ಬೇಕಾದ್ರೂ ಹೇಳ್ತೇನೆ."

"ಅಂದ್ರೆ ಐನ್‌ಮನೇಲಿ ಹಂದಿ ಕಟ್ಟಿದ್ರಾ? ದೇರಪ್ಪ, ಕೇಳಿಸ್ತಾ? ಇದು ಒತ್ತುವರಿ." ಮಾಸ್ಟ್ರ ಕಿವಿ ಕೆಂಪಾಯಿತು. "ಇವತ್ತು ಮಧ್ಯಾಹ್ನ ನೆಂಟರ ಎದುರಿಗೇ ಇದು ತೀರ್ಮಾನ ಆಗ್ಬೇಕು. ನೀವೂ ಬನ್ನಿ ಬೆಳ್ಳಮ್ಮ. ಕಾಗದ ಇದ್ರೆ ತನ್ನಿ."

ಬೆಳ್ಳಮ್ಮ ದೇರಪ್ಪನನ್ನೇ ನೋಡಿದಳು. "ರೈಟರೇ, ನೀವು ಹೇಳಿ. ಇದು ನಿಮ್ಮದಾ?"

ಇಲ್ಲ ಅನ್ನಲು ಬಾಯಿ ತೆರೆದ. ಮಾಸ್ಟ್ರ ಮೊಬೈಲು ಇನ್ನೂ ಫೋಟೋ ತೆಗೆಯುತ್ತಿತ್ತು. ಈಗ ಇಲ್ಲ ಅಂದರೆ ಹನ್ನೊಂದು ಗಂಟೆಯೊಳಗೆ ಸಂಪಾಜೆಯಿಂದ ಮಡಿಕೇರಿವರೆಗೆ ಸುದ್ದಿ, ಮೂರು ಗಂಟೆಗೆ ಬರುವವರು ಬರುವುದೇ ಇಲ್ಲ. ಮಗಳು ಒಂದು ವಾರದಿಂದ ಕನ್ನಡಿ ಬಿಟ್ಟು ಆಚೆ ಹೋಗಿಲ್ಲ. ತೆರೆದ ಬಾಯಿಂದ ಒಂದು ಆಕಳಿಕೆ ಮಾತ್ರ ಹೊರಟಿತು. ಬೆಳ್ಳಮ್ಮ ತಿರುಗಿ ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮನೆಗೆ ಬಂದರೆ ಕೋಳಿ ಸಾರಿನ ವಾಸನೆ, ಒತ್ತು ಶ್ಯಾವಿಗೆಯ ಹಬೆ. ಚೈತನ್ಯ ಮೂರನೇ ಸೀರೆಯಲ್ಲಿದ್ದಳು. ಗಂಗಮ್ಮ ಅವಳಿಗೆ, "ತಲೆ ಬಗ್ಗಿಸಿ ಕೂರ್ಬೇಡ. ಫ್ರುಂಜೆ ಮನೆ ಹೆಣ್ಣು ನೀನು," ಅನ್ನುತ್ತಿದ್ದಳು.

ದೇರಪ್ಪ ಅಡುಗೆಮನೆಯ ಬಾಗಿಲಿಗೆ ಒರಗಿದ. "ಗಂಗೂ, ನಿಂಗೊಂದು ವಿಷಯ ಹೇಳ್ಬೇಕಿತ್ತು."

"ಕೊತ್ತಂಬರಿ ಮರೆತ್ರಾ?"

"ಅದಲ್ಲ. ನಮ್ಮ ಮನೆ ವಿಷಯ."

"ನೋಡಿದ್ರಾ ಐನ್‌ಮನೆ? ಹೇಗಿತ್ತು?" ಅವಳು ಸೌಟು ಹಿಡಿದೇ ತಿರುಗಿದಳು. ಮುಖದ ತುಂಬ ಬೆವರು, ಆಸೆ.

"ದೊಡ್ಡದಿತ್ತು," ಅಂದು ದೇರಪ್ಪ ಕೊತ್ತಂಬರಿ ತರಲು ಹೋದ.

ಮೂರು ಗಂಟೆಗೆ ಜೀಪು ಬಂತು. ಪೂವಯ್ಯ ಸುಬೇದಾರ್ರು ಇಳಿದರು. ಎಂಬತ್ತು ವರ್ಷ, ಬೆನ್ನು ಮಾತ್ರ ಇನ್ನೂ ಪರೇಡಿನಲ್ಲಿದೆ. ಹಿಂದೆ ಅಕ್ಷಿತ್, ಬಿಳಿ ಅಂಗಿ, ಕತ್ತಿನವರೆಗೆ ಗುಂಡಿ. ಅವನು ಎಲ್ಲರಿಗೂ ನಮಸ್ಕಾರ ಮಾಡಿದ, ಚೈತನ್ಯಳನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ಅವಳು ನಗು ತಡೆಯಲು ಲೋಟ ಎಣಿಸಿದಳು.

ಮಾಸ್ಟ್ರಿಗೆ ಕಾಫಿ ಬರುವವರೆಗೂ ತಾಳ್ಮೆ ಇರಲಿಲ್ಲ. ಮೊಬೈಲು ಕೈಯಿಂದ ಕೈಗೆ ಹೋಯಿತು. "ನೋಡಿ ಸುಬೇದಾರ್ರೇ, ಫ್ರುಂಜೆಯವರ ಐನ್‌ಮನೆ. ಇನ್ನೂರೈವತ್ತು ವರ್ಷ ಇರಬೇಕು."

ಅಕ್ಷಿತ್ ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿದ. "ಇದು ಹಂದಿಗೆ ಹಾಕೋ ತೊಟ್ಟಿ ತರ ಉಂಟಲ್ಲ ಸಾರ್."

"ಅದು ಅಭಿಷೇಕದ ಕಲ್ಲು."

"ಇಂಥದ್ರ ಪಕ್ಕ ನಿಂತೇ ನಾನು ದಿನಾ ಹಂದಿಗೆ ಇಂಜೆಕ್ಷನ್ ಕೊಡೋದು."

ಅಷ್ಟರಲ್ಲಿ ಬೆಳ್ಳಮ್ಮ ಬಂದಳು. ಒಳ್ಳೆಯ ಸೀರೆ ಉಟ್ಟು, ಪ್ಲಾಸ್ಟಿಕ್ ಕವರಿನಲ್ಲಿ ಕಂದಾಯದ ರಸೀದಿಗಳನ್ನು ಎದೆಗೆ ಒತ್ತಿಕೊಂಡಿದ್ದಳು. ಬೆಳಗ್ಗಿನ ಬಾಯಿ ಇರಲಿಲ್ಲ. ಹೊಸ್ತಿಲ ಆಚೆಯೇ ನಿಂತು, "ಮಾಸ್ಟ್ರೇ, ನಂಗೆ ಇರೋದು ಇದೇ. ಓದ್ಲಿಕ್ಕೆ ಬರೋದಿಲ್ಲ. ಸರಿಯಾ ನೋಡಿ. ಇದಕ್ಕಿಂತ ಹೆಚ್ಚು ಕಾಗದ ನನ್ನತ್ರ ಇಲ್ಲ," ಅಂದಳು.

ಮಾಸ್ಟ್ರು ಕನ್ನಡಕ ಹಾಕಿ, "ರಸೀದಿ ಬೇರೆ, ಇತಿಹಾಸ ಬೇರೆ. ಗೌಡ ಸಮಾಜದಲ್ಲಿ ಇಟ್ಟು ಒಂದು ವಾರದಲ್ಲಿ ಜಾಗ ಬಿಡಿಸೋಣ," ಅಂದರು.

ಬೆಳ್ಳಮ್ಮ ಕವರನ್ನು ಮಡಚಿದಳು. ಮತ್ತೆ ಬಿಚ್ಚಿದಳು. ಮತ್ತೆ ಮಡಚಿದಳು.

ದೇರಪ್ಪ ಎದ್ದು ನಿಂತ. ನಿಂತದ್ದು ಯಾಕೆಂದು ಅವನಿಗೇ ಗೊತ್ತಾಗಲಿಲ್ಲ. ಎಲ್ಲರೂ ನೋಡಿದ ಮೇಲೆ ಕೂರಲು ಆಗಲಿಲ್ಲ.

"ಅದು ಹಂದಿಗೂಡು," ಅಂದ. "ಬೆಳ್ಳಮ್ಮಕ್ಕನದ್ದೇ. ಫ್ರುಂಜೆ ಅಂತ ಮನೆಯೇ ಇಲ್ಲ."

ಅಡುಗೆಮನೆಯಲ್ಲಿ ಓಡುತ್ತಿದ್ದ ಮಿಕ್ಸಿ ನಿಂತಿತು. ಗಂಗಮ್ಮ ಬಾಗಿಲಿಗೆ ಬಂದಳು.

ದೇರಪ್ಪ ನೆಲ ನೋಡಿಕೊಂಡು ಎಲ್ಲ ಹೇಳಿದ. ಪತ್ರಿಕೆ, ಮೀಸೆಯ ಚಿತ್ರ, ಅಪ್ಪ, ಅಜ್ಜ, ಹೆಡ್‌ಮಾಸ್ಟ್ರು. ಯಾರು ಏನು ಕೇಳಿದರೂ ತಲೆ ಆಡಿಸುತ್ತ ಬಂದದ್ದು. ನಾಚಿಕೆಯಿಂದ ಅವನ ಕತ್ತು ಎಷ್ಟು ತಗ್ಗಿತ್ತೆಂದರೆ ಕೊನೆಯ ಮಾತುಗಳೆಲ್ಲ ಅಂಗಿಯ ಜೇಬಿಗೆ ಬಿದ್ದವು.

ಅಕ್ಷಿತ್ ಆಗಲೇ ಮೊಬೈಲಿನಲ್ಲಿ ಹುಡುಕಿದ್ದ. "ಇದ್ದಾನೆ ತಾತ. ಮಿಖಾಯಿಲ್ ಫ್ರುಂಜೆ. ನಲವತ್ತಕ್ಕೇ ಸತ್ತಿದ್ದಾನೆ, ಹೊಟ್ಟೆ ಆಪರೇಷನ್ ಆಗಿ."

"ಪಾಪ," ಅಂದಳು ಗಂಗಮ್ಮ.

"ಅವನು ಹುಟ್ಟಿದ ಊರಿಗೇ ಫ್ರುಂಜೆ ಅಂತ ಹೆಸರಿಟ್ಟಿದ್ರಂತೆ. ಆಮೇಲೆ ತೊಂಬತ್ತೊಂದರಲ್ಲಿ ತೆಗೆದು ಬಿಷ್ಕೆಕ್ ಮಾಡಿದ್ರು. ವಿಮಾನದ ಪೆಟ್ಟಿಗೆಗೆ ಅಂಟಿಸೋ ಚೀಟಿಯಲ್ಲಿ ಅವನ ಹೆಸರಿನ ಮೂರಕ್ಷರ ಮಾತ್ರ ಮತ್ತೂ ತುಂಬಾ ವರ್ಷ ಉಳ್ಕೊಂಡಿತ್ತಂತೆ."

"ಅಂದ್ರೆ ಊರೇ ಇಳಿಸಿದ ಹೆಸರನ್ನ ಇವ್ರು ಇನ್ನೂ ಹೊತ್ಕೊಂಡು ತಿರುಗ್ತಿದ್ದಾರೆ," ಅಂದರು ಪೂವಯ್ಯ. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ದಂಡಯಾತ್ರೆಯಲ್ಲಿ ತಪ್ಪಿ ಹೋದ ಜವಾನನ ಬಗ್ಗೆ ಮಾತಾಡುವಂತಿತ್ತು. "ಇರ್ಲಿ. ನಿಜ ಹೇಳಿದ್ರಲ್ಲ. ಒಬ್ಬ ಹೆಂಗಸಿನ ಜಾಗಕ್ಕಾಗಿ ಹೇಳಿದ್ರು. ನಂಗೆ ಸಂಬಂಧ ಒಪ್ಪಿಗೆ."

ಬೆಳ್ಳಮ್ಮ ಒಳಗೆ ಬಂದು ಕೂತಳು. ಅಷ್ಟೇ ಅಲ್ಲ, ಕಾಫಿ ಕೇಳಿದಳು. ದೇರಪ್ಪನಿಗೆ ಜೀವನದಲ್ಲಿ ಮೊದಲ ಸಲ ಎದೆಯೊಳಗೆ ಗಾಳಿ ಸರಿಯಾಗಿ ಓಡಾಡಿತು. ಇಷ್ಟು ಸುಲಭ ಅಂತ ಗೊತ್ತಿದ್ದರೆ ಇಪ್ಪತ್ತೇಳು ವರ್ಷ ಯಾಕೆ ಕಾಯುತ್ತಿದ್ದೆ ಅಂದುಕೊಂಡ. ಎದೆ ಹಗುರಾದ ಮನುಷ್ಯ ಅಲ್ಲಿಗೆ ನಿಲ್ಲಿಸಬೇಕಿತ್ತು.

"ಹಾಗಾದ್ರೆ ನಿಂದು ನಿಜವಾಗಿ ಯಾವ ಮನೆ?" ಕೇಳಿದರು ಮಾಸ್ಟ್ರು.

"ನೆಲ್ಲಿಮಜಲು," ಅಂದ ದೇರಪ್ಪ, ತಲೆ ಎತ್ತಿ.

ಮಾಸ್ಟ್ರ ಮುಖದಲ್ಲಿ ಸೂರ್ಯ ಹುಟ್ಟಿದ. ಪಟಪಟನೆ ಪುಟ ತಿರುಗಿಸಿದರು. "ನೆಲ್ಲಿಮಜಲು. ಇಲ್ಲಿದೆ ನೋಡು. 'ದೇರಪ್ಪಜ್ಜನ ಕವಲು ಜಗಳ ಮಾಡಿ ಘಟ್ಟ ಹತ್ತಿದೆ, ಮುಂದಿನ ಸುದ್ದಿ ತಿಳಿದಿಲ್ಲ.' ಆ ಕವಲೇ ನೀನು. ಸಿಕ್ಕಿದೆಯಲ್ಲ ಮಾರಾಯ. ಇನ್ನೇನು, ಮೂಲಪುರುಷ ನೆಲ್ಲಿಮಜಲು ಚೆನ್ನಪ್ಪ, ಐನ್‌ಮನೆ ಇನ್ನೂ ಗಟ್ಟಿಯಾಗಿದೆ, ಹಂಚು ಹಾಕಿಸಿದ್ದಾರೆ, ಬಳಿ ನಂದರ..."

ಅಲ್ಲಿಗೆ ಮಾಸ್ಟ್ರ ಬೆರಳು ನಿಂತಿತು. ತುಟಿಯೂ ನಿಂತಿತು. ಮೆಲ್ಲಗೆ 'ಅ' ಅಕ್ಷರದ ಪುಟಕ್ಕೆ ಹೋದರು. ಅಲ್ಲಿ ಗಂಗಮ್ಮನ ತವರು ಅಡ್ಕಬೈಲು ಮನೆ. ಹೋದ ವರ್ಷ ಗಂಗಮ್ಮನ ಬಾಯಿಂದಲೇ ಕೇಳಿ ಬರೆದದ್ದು. ಪುಸ್ತಕ ಮುಚ್ಚಿದರು.

"ಏನು ಮಾಸ್ಟ್ರೇ?" ಅಂದರು ಪೂವಯ್ಯ.

ಮಾಸ್ಟ್ರು ಕೆಮ್ಮಿದರು. ಉತ್ತರ ಬಂದದ್ದು ಬೆಳ್ಳಮ್ಮನ ಕಡೆಯಿಂದ. ಕಾಫಿ ಆರಿಸುತ್ತ, "ಗಂಗಮ್ಮಕ್ಕನ ತವರೂ ನಂದರ ಬಳಿಯೇ ಅಲ್ವಾ?" ಅಂದಳು.

ಯಾರೂ ಯಾರನ್ನೂ ನೋಡಲಿಲ್ಲ. ಶ್ಯಾವಿಗೆಯ ಹಬೆ ಮಾತ್ರ ಯಾವ ಸಂಕೋಚವೂ ಇಲ್ಲದೆ ಒಳಗಿಂದ ಹೊರಗೆ ಬಂತು.

"ಅಂದ್ರೆ," ಚೈತನ್ಯ ತಟ್ಟೆ ಹಿಡಿದೇ ನಿಧಾನವಾಗಿ ಲೆಕ್ಕ ಹಾಕಿದಳು, "ಅಪ್ಪ ಅಮ್ಮಂಗೆ ಅಣ್ಣ ಆಗ್ಬೇಕು. ನಂಗೆ ಅಪ್ಪ ಅಲ್ಲ, ಸೋದರಮಾವ."

ಅಕ್ಷಿತ್ ನಗು ಬಂದು ಕಾಫಿಯನ್ನು ಮೂಗಿಗೆ ಹತ್ತಿಸಿಕೊಂಡ. ತಾತ ಒಂದು ಸಲ ನೋಡಿದರು, ನಗು ಅಲ್ಲೇ ಆರಿತು.

ದೇರಪ್ಪನಿಗೆ ಬೆಳಗ್ಗಿನಿಂದ ಆದ ನಾಚಿಕೆಯೆಲ್ಲ ಬರೀ ಅಭ್ಯಾಸಕ್ಕೆ ಆದದ್ದು ಅನಿಸಿತು. ಇದು ಅಸಲಿ. ಕಿವಿಯ ತುದಿಯಿಂದ ಹೆಬ್ಬೆರಳವರೆಗೆ ಸುಡುತ್ತಿತ್ತು.

"ಬನ್ನಿ ಇಲ್ಲಿ," ಅಂದಳು ಗಂಗಮ್ಮ. ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಚ್ಚಿದಳು. "ನಿಮಗೆ ಬುದ್ಧಿ ಉಂಟಾ?"

"ಕ್ಷಮಿಸು ಗಂಗೂ. ರಷ್ಯಾದ ವಿಷಯ ನಿಂಗೆ ಮೊದಲೇ ಹೇಳ್ಬೇಕಿತ್ತು."

"ರಷ್ಯಾದ್ದು ನಂಗೆ ಮದುವೆಯಾದ ಮೂರನೇ ದಿನವೇ ಗೊತ್ತು. ಮಾವನೇ ಆ ಪತ್ರಿಕೆ ಬಿಚ್ಚಿ ಮೀಸೆ ತೋರಿಸಿದ್ರು, 'ನೋಡು ಮಗಾ, ನಿನ್ನ ಗಂಡ ಇವನ ಹೆಸರಿನವನು' ಅಂತ. ಪಾಪ, ಗಂಡಸು ನಾಚಿಕೊಳ್ತಾರೆ, ಇರ್ಲಿ ಅಂತ ಸುಮ್ಮನಿದ್ದೆ. ಐನ್‌ಮನೆ ಅಂತ ಎಲ್ಲಿಗೆ ಕರ್ಕೊಂಡು ಹೋಗ್ತೀರಿ ನೋಡೋಣ ಅಂತ ಬೆಳಿಗ್ಗೆ ಕಳಿಸಿದೆ. ರಷ್ಯಾದವನ ಜೊತೆ ನಾನು ಚೆನ್ನಾಗೇ ಸಂಸಾರ ಮಾಡಿದ್ದೇನೆ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಈ ನೆಲ್ಲಿಮಜಲು ಯಾಕೆ ಬಾಯಿಬಿಟ್ಟಿರಿ?"

ದೇರಪ್ಪ ಸೌಟು ಎತ್ತಿ ಸಾರು ತಿರುಗಿಸಿದ. ಇಪ್ಪತ್ತೇಳು ವರ್ಷ ಯಾರಿಂದ ಮುಚ್ಚಿಟ್ಟನೋ ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿಲ್ಲದೆ ನಾಚಿದವನು ತಾನೊಬ್ಬನೇ.

ಹೊರಗೆ ಬಂದಾಗ ಮಾತುಕತೆ ಮುಗಿದು, ನಿಶ್ಚಯವೂ ಇವತ್ತೇ ಆಗಲಿ ಎಂದು ದೀಪ ಹಚ್ಚಿಟ್ಟಿದ್ದರು. ಪೂವಯ್ಯ ಆಜ್ಞೆ ಕೊಡುವವರ ಹಾಗೆ ನಿಂತಿದ್ದರು.

"ಈಗ ಇಲ್ಲಿ ಮಿಕ್ಸಿ ಓಡ್ತಿತ್ತು," ಅಂದರು. "ಇವ್ರು ಕೊನೆಗೆ ಹೇಳಿದ ಮಾತು ಯಾರಿಗೂ ಕೇಳಿಸ್ಲಿಲ್ಲ. ಮಾಸ್ಟ್ರೇ, ನಿಮಗೆ ಕೇಳಿಸ್ತಾ?"

"ನಂಗೆ ಒಂದು ಕಿವಿ ಮೊದಲಿಂದಲೂ ಮಂದ," ಅಂದರು ಮಾಸ್ಟ್ರು. "ಫ್ರುಂಜೆ ಮನೆ ಘಟ್ಟದ ಕೆಳಗೆ ಇತ್ತು, ಐನ್‌ಮನೆಯನ್ನ ಹೊಳೆ ಕೊಂಡೊಯ್ದಿದೆ, ಬಂಗಾರು ಬಳಿ. ನಂಗೆ ಗೊತ್ತಿರೋದು ಇಷ್ಟೇ."

"ಬೆಳ್ಳಮ್ಮ?"

"ಹಂದಿಗೂಡು ನಂದು ತಾನೇ? ಹಾಗಿದ್ರೆ ನಂಗೂ ಕೇಳಿಸ್ಲಿಲ್ಲ."

"ಆದ್ರೆ ಮಾಸ್ಟ್ರೇ," ದೇರಪ್ಪ ತೊದಲಿದ, "ನಿಜ ಅಂತ ಒಂದು..."

"ನಿಜ ಹೇಳಿ ಮಗಳನ್ನ ಮನೇಲಿ ಕೂರಿಸ್ತೀಯಾ? ಹೆಂಡ್ತಿನ ತಂಗಿ ಅಂತ ಕರೀತೀಯಾ?" ಮಾಸ್ಟ್ರು ಅವನ ಭುಜ ಹಿಡಿದು ಅಕ್ಕಿ ತುಂಬಿದ ಬೋಗುಣಿ ಇಟ್ಟ ದೀಪದ ಮುಂದೆ ನಿಲ್ಲಿಸಿದರು. ನಿಶ್ಚಯದ ದಿನ ಹೆಣ್ಣಿನ ಅಪ್ಪ ದೀಪದ ಎದುರು ನಿಂತು ತನ್ನ ಮನೆ, ಬಳಿ ಬಾಯಿಬಿಟ್ಟು ಹೇಳಬೇಕು. ಅದಿಲ್ಲದೆ ವೀಳ್ಯ ಕೈ ಬದಲಾಗುವುದಿಲ್ಲ. ಇಲ್ಲಿ ತಲೆ ಆಡಿಸಿದರೆ ನಡೆಯುವುದಿಲ್ಲ.

ಅಕ್ಷಿತ್ ಎದ್ದು ನಿಂತ. ಚೈತನ್ಯ ಅಪ್ಪನನ್ನು ನೋಡಿದಳು. ನಗು ಇರಲಿಲ್ಲ ಅವಳ ಮುಖದಲ್ಲಿ, ಕಣ್ಣು ಮಾತ್ರ ಬೇಡುತ್ತಿತ್ತು.

"ನಾವು," ಅಂದ ದೇರಪ್ಪ. "ನಾವು ಫ್ರುಂಜೆ ಮನೆಯವರು. ಬಂಗಾರು ಬಳಿ."

"ಸ್ವಲ್ಪ ಗಟ್ಟಿಯಾಗಿ," ಅಂದರು ಪೂವಯ್ಯ. "ದಂಡನಾಯಕರ ಮನೆಯವರು ಹೀಗಾ ಮಾತಾಡೋದು?"

ದೇರಪ್ಪ ಗಟ್ಟಿಯಾಗಿ ಹೇಳಿದ. ರಸ್ತೆಯಲ್ಲಿ ಹೋಗುತ್ತಿದ್ದವರು ಯಾರೋ ನಿಂತು ಕೇಳಿಸಿಕೊಂಡರು. ಗಂಗಮ್ಮ ಅಡುಗೆಮನೆಯಿಂದಲೇ, "ಈಗ ಸರಿ. ಕೈ ತೊಳ್ಕೊಂಡು ಬನ್ನಿ, ಸಾರು ಆರ್ತದೆ," ಅಂದಳು.